ಹನ್ನೆರಡು ಸಾವಿರದ ಎಂಟುನೂರರ ಫೋಟೋ

ನಮ್ಮೂರಿನಲ್ಲಿ ಮದುವೆಗಳೆಲ್ಲ ಮಟಮಟ ಮಧ್ಯಾಹ್ನ, ಬಯಲಿನಲ್ಲಿ, ಚಪ್ಪರವಿಲ್ಲದೆ ನಡೆಯುತ್ತವೆ. ತಾಳಿ ಕಟ್ಟುವ ಹೊತ್ತಿಗೆ ಮದುಮಗನ ಪೇಟದಿಂದ ಬೆವರು ಇಳಿದು ಅಕ್ಷತೆ ಒದ್ದೆಯಾಗಿರುತ್ತದೆ. ಗೋಧೂಳಿ ಮುಹೂರ್ತ ಒಳ್ಳೆಯದು ಎಂದು ಪುರೋಹಿತರು ಹೇಳಿದರೆ ನಮ್ಮವರು ಪುರೋಹಿತರನ್ನೇ ಬದಲಾಯಿಸುತ್ತಾರೆ. ಇದಕ್ಕೆಲ್ಲ ಕಾರಣ ಫೋಟೋ. ಕ್ಯಾಮೆರಾದೊಳಗೆ ಐಎಸ್‌ಒ ಅಂತ ಒಂದು ಇರುತ್ತದಲ್ಲ, ಅದನ್ನು ನಮ್ಮೂರಲ್ಲಿ ನಂಬರು ಅನ್ನುತ್ತಾರೆ. ಬೆಳಕು ಸಾಲದಿದ್ದಾಗ ನಂಬರು ಏರಿಸಿದರೆ ನಸುಗತ್ತಲಲ್ಲೂ ಫೋಟೋ ಬರುತ್ತದೆ. ಆದರೆ ಏರಿಸಿದಷ್ಟೂ ಫೋಟೋದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಏಳುತ್ತದೆ. ಬೇರೆ ಊರುಗಳಲ್ಲಿ ಆ ಕಾಳು ಫೋಟೋದಲ್ಲೇ ಉಳಿಯುತ್ತದಂತೆ. ನಮ್ಮೂರಿನಲ್ಲಿ ಮನುಷ್ಯರ ಮುಖದ ಮೇಲೆ ಬೀಳುತ್ತದೆ.

ನೂರರಲ್ಲಿ ತೆಗೆದರೆ ಏನೂ ಆಗುವುದಿಲ್ಲ. ನಾನೂರರಲ್ಲಿ ತೆಗೆದರೆ ಕೆನ್ನೆ ಮೇಲೆ ರಾಗಿಹಿಟ್ಟು ಕೊಡವಿದಷ್ಟು ಮಸುಕು, ಒಂದು ಎಣ್ಣೆಸ್ನಾನಕ್ಕೆ ಹೋಗುತ್ತದೆ. ಸಾವಿರದ ಆರುನೂರಕ್ಕೆ ಏರಿಸಿದರೆ ಸಾಸಿವೆಯಷ್ಟು ದಪ್ಪ. ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಮುಂದಿನ ಹಬ್ಬದ ತನಕ ಇರುತ್ತದೆ. ಆರು ಸಾವಿರದ ನಾನೂರು ದಾಟಿತೋ, ಕೆಂಪು, ಹಸಿರು, ನೀಲಿ ಚುಕ್ಕಿಗಳೂ ಸೇರಿಕೊಳ್ಳುತ್ತವೆ. ಅವು ಯಾವಾಗ ಹೋಗುತ್ತವೆ ಎಂದು ಹೇಳಲು ಬರುವುದಿಲ್ಲ. ಫ್ಲ್ಯಾಶ್ ಹಾಕಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಹಿಂದೊಮ್ಮೆ ಒಂದು ಮದುವೆಯಲ್ಲಿ ಹಾಕಿದ್ದರು. ಮದುಮಗನ ಕಣ್ಣು ಕೆಂಪಗಾದದ್ದು ಮೊದಲ ಮಗು ಹುಟ್ಟಿದರೂ ತಿಳಿಯಾಗಲಿಲ್ಲ. ಅವನನ್ನು ಕಂಡರೆ ಮೇಕೆಗಳು ಹಗ್ಗ ಹರಿದುಕೊಂಡು ಓಡುತ್ತಿದ್ದವು. ಅಂದಿನಿಂದ ಊರೊಳಗೆ ಫ್ಲ್ಯಾಶ್ ಇಲ್ಲ.

ಊರಿನ ಏಕೈಕ ಸ್ಟುಡಿಯೋ ನನ್ನದು. ಪೇಟೆಯ ಪತ್ರಿಕೆ ಫೋಟೋಗ್ರಾಫರ್ ಒಬ್ಬರು ಬಳಸಿ ಬಿಟ್ಟ ದೊಡ್ಡ ಕ್ಯಾಮೆರಾ ನನ್ನ ಬಳಿ ಇದೆ. ಕುತ್ತಿಗೆಗೆ ಹಾಕಿಕೊಂಡರೆ ಎಳೆಗರು ನೇತುಬಿದ್ದಷ್ಟು ಭಾರ. ಅದರ ನಂಬರು ಐವತ್ತೊಂದು ಸಾವಿರದ ಇನ್ನೂರರ ತನಕ ಏರುತ್ತದೆ. ಅದನ್ನು ಕೇಳಿದ ದಿನ ನಮ್ಮ ಬೀದಿಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. ಊರವರಿಗೆಲ್ಲ ಸ್ವಲ್ಪವಾದರೂ ಕಾಳು ಬಿದ್ದು ಹೋದ ಗುರುತಿದೆ. ಸದಾ ಕ್ಯಾಮೆರಾದ ಹಿಂದೆ ಇರುವ ನನ್ನ ಮುಖ ಮಾತ್ರ ತೊಳೆದ ತಟ್ಟೆಯ ಹಾಗಿದೆ. ಇದರ ಬಗ್ಗೆ ನಮ್ಮವ್ವನಿಗೆ ಜಂಬ. ನನಗೂ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಮ್ಮದು ಕಂಬಳಿ ನೇಯುವವರ ಊರು. ಗಂಡಸರು ಮಗ್ಗದಲ್ಲಿ ಕೂರುತ್ತಾರೆ, ಹೆಂಗಸರು ಉಣ್ಣೆ ನೂಲುತ್ತಾರೆ. ಉಣ್ಣೆ ಸಂಘಕ್ಕೆ ಕಲ್ಲಿನ ದೊಡ್ಡ ಹಾಲ್ ಇದೆ. ಅದು ವರ್ಷಪೂರ್ತಿ ಬೀಗ ಹಾಕಿಕೊಂಡಿರುತ್ತದೆ. ಒಳಗಿರುವುದು ಒಂದು ಕುರ್ಚಿ, ಗೋಡೆ ಮೇಲೆ ಹಿಂದಿನ ಅಧ್ಯಕ್ಷರ ಫೋಟೋಗಳು, ಇಲಿಗಳು. ನೂಲುವ ಹೆಂಗಸರು ಅದರ ಹೊರಗಿನ ಜಗಲಿಯಲ್ಲಿ ಸೂರಿನ ಕೆಳಗೆ ಕೂರುತ್ತಾರೆ. ಇರಚಲು ಬಡಿದರೆ ಉಣ್ಣೆ ತೇವವಾಗಿ ನೂಲು ಪಟಪಟ ಹರಿಯುತ್ತದೆ. ರಾಟೆ ಎತ್ತಿಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತಾರೆ. ಹಾಲ್ ತೆಗೆಯಿರಿ ಎಂದು ಕೇಳಿದಾಗಲೆಲ್ಲ, ಬೀಗದ ಕೈ ಅಧ್ಯಕ್ಷರ ಹತ್ತಿರ ಇರುತ್ತದೆ, ಅಧ್ಯಕ್ಷರು ಯೋಚನೆ ಮಾಡುತ್ತಾರೆ ಎಂಬ ಉತ್ತರ ಬರುತ್ತಿತ್ತು. ಅಧ್ಯಕ್ಷ ಕೆಂಚಪ್ಪ. ಬಹಳ ವರ್ಷದಿಂದ ಯೋಚನೆ ಮಾಡುತ್ತಿದ್ದ.

ಅಧ್ಯಕ್ಷತೆ ಷೇರಿರುವ ಮನೆಗಳಿಗೆ ಸರದಿಯಂತೆ ಬರುತ್ತದೆ. ಸರದಿ ಬಂದವರು ಬಡವರೋ ಮೆತ್ತಗಿನವರೋ ಆದರೆ "ಕೆಂಚಣ್ಣ, ನೀವೇ ಕೂತ್ಕೊಳ್ಳಿ" ಎಂದು ಬಿಟ್ಟುಕೊಡುತ್ತಿದ್ದರು. ಈ ಸಲ ಸರದಿ ಈರಕ್ಕನ ಮನೆಗೆ ಬಂತು. ಗಂಡ ಸತ್ತ ಮೇಲೆ ಷೇರು ಅವಳ ಹೆಸರಿಗೇ ಆಗಿತ್ತು. ಕೆಂಚಪ್ಪ ಹೊಸ ಪಂಚೆ ಉಟ್ಟುಕೊಂಡು, ಬಿಟ್ಟುಕೊಡುತ್ತಾಳೆ ಎಂದು ಅವಳ ಮನೆ ಬಾಗಿಲಿಗೆ ಹೋದ. ಈರಕ್ಕ ಮಜ್ಜಿಗೆ ಕೊಟ್ಟು, "ಬುಧವಾರ ಫೋಟೋಕ್ಕೆ ನೀವೂ ಬಂದ್ಬಿಡಿ, ಬರೋವಾಗ ಬೀಗದ ಕೈ ಮರೀಬ್ಯಾಡಿ" ಎಂದು ಕಳಿಸಿದಳು.

ಕುರ್ಚಿಗೆ ಒಂದೇ ಒಂದು ನಿಯಮ. ಹೊಸ ಅಧ್ಯಕ್ಷರ ಫೋಟೋವನ್ನು ಅದೇ ಹಾಲಿನಲ್ಲಿ, ಅದೇ ಕುರ್ಚಿಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ದೀಪ ಹಚ್ಚುವ ಮುಂಚೆ ತೆಗೆಯಬೇಕು. ತೆಗೆದ ಮೇಲೆ ಮುಖದಲ್ಲಿ ಕಾಳು ಇರಬಾರದು. ಇದ್ದರೆ ಸರದಿ ತಪ್ಪಿ ಹೋಗುತ್ತದೆ; ಆ ಮನೆಗೆ ಮತ್ತೆ ಬರುವುದು ಮೊಮ್ಮಕ್ಕಳ ಕಾಲಕ್ಕೆ. ಹಾಲಿಗೆ ಇರುವುದು ಒಂದೇ ಕಿಟಕಿ. ಊರ ಹಿಂದಿನ ಬಂಡೆಗುಡ್ಡ ಮಧ್ಯಾಹ್ನ ಕಳೆಯುತ್ತಲೇ ಸೂರ್ಯನನ್ನು ನುಂಗುವುದರಿಂದ, ಒಳಗೆ ಬರುವ ಬೆಳಕು ಹುಣ್ಣಿಮೆಗಿಂತ ಒಂದು ಕೈ ಹೆಚ್ಚು, ಅಷ್ಟೇ. ಅಲ್ಲಿ ನೂರರಲ್ಲಿ ಫೋಟೋ ಬರಬೇಕಾದರೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದರ ಕಣ್ಣು ತೆರೆದಿಡಬೇಕು. ಒಂದರಿಂದ ಎಂಟು ಎಣಿಸುವ ತನಕ ಕೂತವರು ಉಸಿರು ಕೂಡ ಆಡಬಾರದು. ಅಲುಗಿದರೆ ಫೋಟೋ ಕಲಸಿಹೋಗುತ್ತದೆ. ಮುಖ ಕಲಸುವುದಿಲ್ಲ, ಫೋಟೋ ಮಾತ್ರ. ಕಾಳು ಮುಖಕ್ಕೆ ಬೀಳುವುದಾದರೆ ಕಲಸಿದ್ದೂ ಬೀಳಬೇಕಲ್ಲ ಎಂದು ನಾನು ಹಾಸ್ಟೆಲಿನಲ್ಲಿದ್ದಾಗ ಒಬ್ಬಳು ಕೇಳಿದ್ದಳು. ಅವಳು ಬೇರೆ ಊರಿನವಳು.

ಹಿಂದಿನ ಅಧ್ಯಕ್ಷರೆಲ್ಲ ಈ ಕಲೆಯಲ್ಲಿ ನಿಪುಣರು. ಗೋಡೆ ಮೇಲಿನ ಒಬ್ಬರು ಎಷ್ಟು ಅಲುಗದೆ ಕೂತಿದ್ದರೆಂದರೆ ಫೋಟೋ ಆದ ಮೇಲೆ ಅವರ ಮೂಗಿನ ಕೆಳಗೆ ಉಣ್ಣೆ ಎಳೆ ಹಿಡಿದು ನೋಡಬೇಕಾಯಿತಂತೆ. ಆದರೆ ಈರಕ್ಕ ಸುಮ್ಮನೆ ಕೂರುವ ಹೆಂಗಸಲ್ಲ. ನಿದ್ದೆಯಲ್ಲೂ ಕುರಿಗಳಿಗೆ ಬೈಯುತ್ತಾಳೆ ಎಂದು ಅವಳ ಸೊಸೆಯೇ ಹೇಳುತ್ತಾಳೆ. ಇದು ಊರಿಗೆಲ್ಲ ಗೊತ್ತು, ಕೆಂಚಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಬುಧವಾರ ಷೇರುದಾರರೆಲ್ಲ ಹಾಲಿಗೆ ಬಂದರು. ನಾನೂ ಷೇರುದಾರಳೇ, ನಮ್ಮ ತಾತನ ಷೇರು ನನ್ನ ಹೆಸರಿಗೆ ಬಂದಿದೆ. ಆದರೆ ಆ ದಿನ ಹೋದದ್ದು ಫೋಟೋಕ್ಕೆ. ಹೆಂಗಸರು ಹೊರಗೆ ಜಗಲಿಯಲ್ಲಿ ರಾಟೆ ನಿಲ್ಲಿಸಿ ಕಿವಿ ಕೊಟ್ಟು ಕೂತಿದ್ದರು. ಈರಕ್ಕ ಹಸಿರು ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕೂತಳು. ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಅಷ್ಟಕ್ಕೆ ಅವಕಾಶವಿದೆಯೇ ಎಂದು ಕಾರ್ಯದರ್ಶಿ ಜುಂಜಪ್ಪ ಸ್ವಲ್ಪ ಹೊತ್ತು ಯೋಚಿಸಿ, ಹಾಲಿನೊಳಗೇ ಇದೆಯಲ್ಲ, ಇರಲಿ ಅಂದ.

"ಈರಕ್ಕ, ಬಾಯಿ ಮುಚ್ಚು. ನಾನು ಎಂಟು ಅನ್ನೋವರೆಗೂ ಕಲ್ಲಿನ ಥರ ಇರು" ಅಂದೆ.

"ಅದೇನು ಮಹಾ. ನಮ್ಮತ್ತೆ ಎದುರಿಗೆ ಹಂಗೇ ಇದ್ದೋಳು ನಾನು."

ಗುಂಡಿ ಒತ್ತಿದೆ. ಒಂದು, ಎರಡು, ಮೂರು. ಕೆಂಚಪ್ಪ ಮೇಲೆ ಸೂರಿನ ಕಡೆ ನೋಡುತ್ತಾ, ಯಾರಿಗೂ ಅಲ್ಲದ ಹಾಗೆ, "ಈರಕ್ಕನ ಮನೆ ಕಂಬಳಿ ಹೊದ್ಕೊಂಡ್ರೆ ಚುಚ್ಚಲ್ಲ, ಕಚ್ಚುತ್ತೆ ಅಂತಾರಪ್ಪ ಸಂತೇಲಿ" ಅಂದ.

"ಯಾವನವ್ನು ಅಂದೋನು?"

ಫೋಟೋದಲ್ಲಿ ಈರಕ್ಕನಿಗೆ ಮೂರು ಬಾಯಿ ಬಂದಿದ್ದವು. ಮೂರೂ ತೆರೆದಿದ್ದವು.

ಮತ್ತೆ ಶುರು ಮಾಡಿದೆ. ಈ ಸಲ ಐದರ ತನಕ ಬಂತು. ಜುಂಜಪ್ಪ ನಿಟ್ಟುಸಿರು ಬಿಟ್ಟು, "ಪಾಪ, ಯಜಮಾನ್ರು ಇದ್ದಾಗ ಈರಕ್ಕ ಎಷ್ಟು ಸುಮ್ನಿರ್ತಿದ್ರು" ಅಂದ.

"ನಾನೆಲ್ಲಿ ಸುಮ್ನಿದ್ದೆ? ಅವ್ರು ಸುಮ್ನಿದ್ರು!"

ಹೊರಗೆ ಜಗಲಿಯಲ್ಲಿ ಹೆಂಗಸರು ನಕ್ಕರು. ಅದನ್ನು ಕೇಳಿ ಈರಕ್ಕ ಅವರ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದಳು. ಆ ಫೋಟೋದಲ್ಲಿ ತಲೆಯೇ ಎರಡು.

"ಈರಕ್ಕ, ಇವರು ಬೇಕು ಅಂತಲೇ ಮಾತಾಡಿಸ್ತಿದ್ದಾರೆ. ಗೊತ್ತಾಗಲ್ವಾ?" ಎಂದು ಅವಳ ಕಿವಿಯಲ್ಲಿ ಹೇಳಿದೆ.

"ಗೊತ್ತಾಗ್ತದೆ ಕಣೆ. ಆದ್ರೆ ಉತ್ತರ ಗೊತ್ತಿದ್ದೂ ಹೇಳದೆ ಹೆಂಗಿರೋದು?"

ಮೂರನೆಯ ಸಲ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಕೆಂಚಪ್ಪ ಮಾತಾಡಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು, ಅದರ ದಾರವನ್ನು ಬೆರಳಿಗೆ ಸುತ್ತಿ ಗಿರಗಿರ ತಿರುಗಿಸುತ್ತಾ ನಿಂತ. ಈರಕ್ಕ ಆರರ ತನಕ ತಡೆದಳು. ಆಮೇಲೆ ಸೆರಗು ಉಗಿದು, ಅವನ ಅಪ್ಪನಿಂದ ಹಿಡಿದು ಅವನ ಟಗರಿನ ತನಕ ಯಾರನ್ನೂ ಬಿಡಲಿಲ್ಲ. ಆ ಫೋಟೋವನ್ನು ನಾನು ಯಾರಿಗೂ ತೋರಿಸಲಿಲ್ಲ.

ಅಷ್ಟರಲ್ಲಿ ಬಂಡೆಯ ನೆರಳು ಕಿಟಕಿಯ ಸರಳಿನ ತನಕ ಬಂತು. ಇನ್ನು ನೂರರಲ್ಲಿ ಸಾಧ್ಯವಿಲ್ಲ. ಎಂಟಲ್ಲ, ಇಪ್ಪತ್ತು ಎಣಿಸಿದರೂ ಸಾಲದು. ಈರಕ್ಕ ಇಪ್ಪತ್ತು ಎಣಿಸುವ ತನಕ ಸುಮ್ಮನಿರುವುದು ಹೆಣವಾದ ಮೇಲೆ. ಉಳಿದಿದ್ದು ನಂಬರು ಏರಿಸುವ ದಾರಿಯೊಂದೇ. ಅವಳು ಎರಡು ಮಾತುಗಳ ನಡುವೆ ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ ಹಿಡಿಯಬೇಕಾದರೆ ಹನ್ನೆರಡು ಸಾವಿರದ ಎಂಟುನೂರಾದರೂ ಬೇಕು. ಇದನ್ನು ಗಟ್ಟಿಯಾಗಿ ಹೇಳಿದೆ. ಹಾಲಿನಲ್ಲಿ ಯಾರೋ ನಾಲಿಗೆ ಲೊಚಗುಟ್ಟಿದರು.

"ಆ ನಂಬರಿಗೆ ಕೂತ್ರೆ ಕಾಳು ಬೀಳುತ್ತೆ. ಕಾಳು ಬಿದ್ರೆ ಕುರ್ಚಿ ಇಲ್ಲ. ಸುಮ್ನೆ ಯಾಕೆ ಮುಖ ಕೆಡಿಸ್ಕೋತೀಯ, ಎದ್ದೇಳು ತಾಯಿ" ಎಂದು ಕೆಂಚಪ್ಪ ಬಹಳ ಮೃದುವಾಗಿ ಹೇಳಿದ.

"ಕೂತೋಳು ಎದ್ದೇಳಲ್ಲ. ಹಾಕು ಸರಿತಾ" ಅಂದಳು ಈರಕ್ಕ. ಆಮೇಲೆ ಷೇರುದಾರರ ಕಡೆ ತಿರುಗಿ, "ಏನ್ರಪ್ಪ, ಎಲ್ರೂ ದೂರ ನಿಂತು ಮದುವೇಲಿ ಮುನಿಸ್ಕೊಂಡ ಬೀಗರ ಥರ ನೋಡ್ತಿದ್ದೀರಲ್ಲ. ಬನ್ನಿ, ಹಿಂದೆ ನಿಂತ್ಕೊಳ್ಳಿ. ಗೋಡೆ ಮೇಲೆ ನೀವೂ ಇರಿ. ನಾನೊಬ್ಳೇ ಯಾಕೆ?" ಎಂದು ಕರೆದಳು.

ಅವಳು ಇದನ್ನು ಲೆಕ್ಕ ಹಾಕಿ ಹೇಳಿದಳೋ, ಸುಮ್ಮನಿರಲಾರದೆ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ. ಆದರೆ ಆ ಮಾತು ಗಂಡಸರ ಮೇಲೆ ಮಾಡಿದ ಕೆಲಸ ನೋಡಬೇಕಿತ್ತು. ಆ ಗೋಡೆಯ ಮೇಲೆ ಅಧ್ಯಕ್ಷರಲ್ಲದ ಒಬ್ಬರೂ ಇಲ್ಲ. ಮೀಸೆ ತಿದ್ದಿಕೊಂಡರು, ಪೇಟ ಸರಿ ಮಾಡಿಕೊಂಡರು, ಒಬ್ಬ ಪಕ್ಕದವನ ಬಾಚಣಿಗೆ ಕಸಿದುಕೊಂಡ. ಕೆಂಚಪ್ಪನ ಫೋಟೋ ಆಗಲೇ ಗೋಡೆ ಮೇಲೆ ಐದು ಕಡೆ ಇದೆ. ಆದರೂ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿಯ ನೇರ ಹಿಂದೆ, ಅಂದರೆ ಕತ್ತಲು ಎಲ್ಲಕ್ಕಿಂತ ದಟ್ಟವಾಗಿದ್ದ ಜಾಗದಲ್ಲಿ, ನಿಂತುಕೊಂಡ.

"ನೋಡಿ, ಫೋಟೋದೊಳಗೆ ಇದ್ದೋರಿಗೆಲ್ಲ ಬೀಳುತ್ತೆ. ಕತ್ತಲಲ್ಲಿ ನಿಂತೋರಿಗೆ ಇನ್ನೂ ಜಾಸ್ತಿ" ಅಂದೆ.

"ಹಾಸ್ಟೆಲ್ ಪುಸ್ತಕದಾಗೆ ಬರ್ದೈತಾ ತಂಗಿ?" ಎಂದ ಜುಂಜಪ್ಪ. ಎಲ್ಲರೂ ನಕ್ಕರು. "ಯಾರ ಹೆಸರಲ್ಲಿ ಫೋಟೋ, ಅವರಿಗೇ ಕಾಳು. ನಮ್ಮಪ್ಪನ ಕಾಲದಿಂದ ನೋಡಿದೀವಿ. ಮದುವೆ ಫೋಟೋದಲ್ಲಿ ನೂರು ಜನ ನಿಲ್ತೀವಿ, ಯಾರಿಗೆ ಏನಾಗಿದೆ?"

ಮದುವೆ ಫೋಟೋಗಳನ್ನು ಬಿಸಿಲಿನಲ್ಲಿ ನೂರರಲ್ಲೇ ತೆಗೆಯುವುದರಿಂದ ಮದುಮಗಳಿಗೂ ಏನೂ ಆಗುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ನಂಬರು ಏರಿಸಿದೆ. ಈರಕ್ಕ, "ಕೆಂಚಣ್ಣ, ಸ್ವಲ್ಪ ಬಗ್ಗಿ, ನಿಮ್ಮ ಮುಖ ಕಾಣ್ಲಿ" ಎಂದು ಹೇಳಿ ಮುಂದಿನ ಮಾತಿಗೆ ಉಸಿರೆಳೆದಾಗ ಒತ್ತಿದೆ.

ಒಳ್ಳೆಯ ಫೋಟೋ. ಈರಕ್ಕನ ತುಟಿ ಅರೆ ತೆರೆದು, ಕಣ್ಣಲ್ಲಿ ಕಿಟಕಿ ಹೊಳೆಯುತ್ತಿದೆ. ನಾನು ಅದನ್ನು ಪರದೆಯ ಮೇಲೆ ನೋಡುತ್ತಿದ್ದಂತೆಯೇ ಹಿಂದಿನ ಸಾಲಿನಲ್ಲಿ ಯಾರೋ ಕೆನ್ನೆ ಕೆರೆದುಕೊಂಡರು. ಆಮೇಲೆ ಎಲ್ಲರೂ ಕೆರೆದುಕೊಂಡರು. ಎಲೆಯಡಿಕೆ ಹಾಕಿ ಉಗಿಯುವಷ್ಟರಲ್ಲಿ ಉಣ್ಣೆ ಸಂಘದ ಷೇರುದಾರರೆಲ್ಲ ನಾಗಪಂಚಮಿ ತಂಬಿಟ್ಟಿನ ಮೇಲೆ ಎಳ್ಳು ಉದುರಿಸಿದ ಹಾಗಾಗಿದ್ದರು. ಈರಕ್ಕನಿಗೂ ಬಿದ್ದಿತ್ತು. ಆದರೆ ಅವಳು ಕಿಟಕಿಯ ಪಕ್ಕದಲ್ಲಿದ್ದುದರಿಂದ ಕಿವಿಯ ಕಡೆ, ಕತ್ತಿನ ನೆರಳಿನಲ್ಲಿ ಮಾತ್ರ. ಕೆಂಚಪ್ಪನ ಮುಖದ ಮೇಲೆ ಕೆಂಪು, ಹಸಿರು, ನೀಲಿ, ಮೂರೂ ಬಣ್ಣ. ಮೂಗಿನ ತುದಿ ಒಂದಿಷ್ಟು ಬೆಳಕಿಗೆ ಬಂದಿತ್ತೇನೋ, ಅದೊಂದು ಚೊಕ್ಕಟವಾಗಿತ್ತು.

"ಇದು ಮೋಸ" ಎಂದ ಕೆಂಚಪ್ಪ.

"ಹುಡುಗಿ ಹೇಳಿದ್ಲಲ್ಲ" ಎಂದ ಬಾಚಣಿಗೆ ಕಸಿದುಕೊಂಡವನು, ಬೇಸರದಿಂದ.

ಜುಂಜಪ್ಪ ಉಣ್ಣೆ ಪರೀಕ್ಷಿಸುವ ಸಂಘದ ಭೂತಗನ್ನಡಿ ತೆಗೆದು ಮೊದಲು ಈರಕ್ಕನ ಕತ್ತು ನೋಡಿದ, ಆಮೇಲೆ ತನ್ನ ಕೆನ್ನೆ ಸವರಿ ಅಂಗೈ ನೋಡಿಕೊಂಡ. ಕಾಳು ಬಿದ್ದವರಿಗೆ ಕುರ್ಚಿ ಇಲ್ಲ, ಕಾಳಿಲ್ಲದ ಷೇರುದಾರರು ಮುಂದೆ ಬರಬೇಕು ಎಂದು ನಿಯಮದಂತೆ ಕೂಗಿದ. ಯಾರೂ ಬರಲಿಲ್ಲ. ಕೂಗಿದವನಿಗೇ ಬರಲು ಆಗುತ್ತಿರಲಿಲ್ಲ. ಆಗ ಕೆಂಚಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಹಾಲಿನೊಳಗೆ ಫೋಟೋದಲ್ಲಿ ಇಲ್ಲದವಳು ನಾನೊಬ್ಬಳೇ.

"ಅಲ್ಲಪ್ಪ, ನಮ್ಮ ಸರಿತ ಇದ್ದಾಳಲ್ಲ!" ಎಂದು ಕೆಂಚಪ್ಪ ಹಿಗ್ಗಿದ. "ತಾತನ ಷೇರು ಇದೆ. ಓದಿದ ಹುಡುಗಿ. ಕೂತ್ಕೋ ತಂಗಿ ಕುರ್ಚಿ ಮೇಲೆ. ನೀನೇ ಅಧ್ಯಕ್ಷೆ."

"ನಾನು ಕೂತರೆ ಬೀಗದ ಕೈ ಈರಕ್ಕಂಗೆ ಕೊಡ್ತೀನಿ" ಅಂದೆ.

"ಅದಾಗಲ್ಲ. ಮದುವೆ ಆಗದೆ ಇರೋರು ಕುರ್ಚಿ ಮೇಲೆ ಇದ್ರೆ ಬೀಗದ ಕೈ ಹಿಂದಿನ ಅಧ್ಯಕ್ಷರ ಹತ್ರಾನೇ ಇರಬೇಕು. ನಿಯಮ. ಅಲ್ವಾ ಜುಂಜಪ್ಪ?"

ಇಂಥ ನಿಯಮವನ್ನು ಹಾಲಿನಲ್ಲಿ ಯಾರೂ ಕೇಳಿರಲಿಲ್ಲ. ಜುಂಜಪ್ಪ ಕೇಳಿದ್ದನಂತೆ.

ಈರಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು. ಬಾಯಿಂದ ಒಂದು ಮಾತೂ ಹೊರಡಲಿಲ್ಲ, ಕೈ ಸೆರಗಿನ ಮೇಲೆ ಹಾಗೇ ನಿಂತಿತ್ತು, ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ಆಗ ತೆಗೆದಿದ್ದರೆ ನೂರರಲ್ಲೇ ಬರುತ್ತಿತ್ತು.

ನಾನು ದೊಡ್ಡ ಮನಸ್ಸಿನವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಹುಡುಗ ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಹೆಣ್ಣು ನೋಡಲು ಬಂದವರು ಮೊದಲು ಬಾಗಿಲ ಬೆಳಕಿಗೆ ಕರೆದು ಗಲ್ಲ ಹಿಡಿದು ಕಾಳು ಹುಡುಕುತ್ತಾರೆ. ಹಾಡು, ಅಡುಗೆ ಎಲ್ಲ ಆಮೇಲೆ. ಅವ್ವ ಈ ಸಂಬಂಧಕ್ಕೆ ಎರಡು ತಿಂಗಳಿಂದ ನನಗೆ ಬಿಸಿಲಿಗೂ ಕತ್ತಲಿಗೂ ಹೋಗಬೇಡ ಎಂದು ಹೇಳುತ್ತಿದ್ದಳು. ಎರಡನ್ನೂ ಬಿಟ್ಟರೆ ಎಲ್ಲಿರಬೇಕು ಎಂದು ಹೇಳಿರಲಿಲ್ಲ. ಹುಡುಗನ ಫೋಟೋ ನೋಡಿದ್ದೆ. ಚೆನ್ನಾಗಿಯೇ ಇದ್ದ. ಇದೆಲ್ಲ ನೆನಪಾಯಿತು. ನನ್ನನ್ನು ಕೆರಳಿಸಿದ್ದು ಈರಕ್ಕನ ಮುಖವೋ, ಜಗಲಿಯ ಹೆಂಗಸರೋ ಎಂದು ಕೇಳಿದರೆ, ಅದು ಸ್ವಲ್ಪ. ಓದಿದ ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿದರೆ ಬೊಂಬೆಯ ಹಾಗೆ ಕೂತಿರುತ್ತಾಳೆ ಎಂಬ ಕೆಂಚಪ್ಪನ ಆ ಸಂತೋಷವಿತ್ತಲ್ಲ, ಅದೇ ಹೆಚ್ಚು.

ಬಾಗಿಲ ಹಿಂದಿನ ಮೂಲೆಗೆ ಹೋದೆ. ಅಲ್ಲಿ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ನಂಬರಿನ ಚಕ್ರವನ್ನು ಅದು ನಿಲ್ಲುವ ತನಕ ತಿರುಗಿಸಿದೆ. ಐವತ್ತೊಂದು ಸಾವಿರದ ಇನ್ನೂರು. ಕ್ಯಾಮೆರಾದ ಮುಖವನ್ನು ನನ್ನ ಮುಖದ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

"ಏಯ್, ಬ್ಯಾಡ ಕಣೆ!" ಎಂದು ಈರಕ್ಕ ಕೂಗಿದಳು. ಕೆಂಚಪ್ಪ ನನ್ನ ಕಡೆ ಎರಡು ಹೆಜ್ಜೆ ಓಡಿ ಬಂದ.

ಒತ್ತಿದೆ.

ನೋವಾಗುವುದಿಲ್ಲ. ದೋಸೆಕಲ್ಲಿಗೆ ನೀರು ಚಿಮುಕಿಸಿದಾಗ ಹನಿಗಳು ಸಿಡಿದು ಮುಖಕ್ಕೆ ತಾಗುತ್ತವಲ್ಲ, ಹಾಗೆ ಅನ್ನಿಸಿತು. ಬೆಳಕಿಗೆ ಬಂದಾಗ ಹಾಲಿನೊಳಗಿದ್ದವರು ನನ್ನನ್ನು ನೋಡಿದ ರೀತಿಯಿಂದಲೇ ಎಷ್ಟು ಬಿದ್ದಿದೆ ಎಂದು ಗೊತ್ತಾಯಿತು. ಜುಂಜಪ್ಪ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ. ನನಗೆ ಅದರ ಅಗತ್ಯವಿರಲಿಲ್ಲ.

"ಈಗ ಹೇಳಿ, ಕಾಳಿಲ್ಲದೋರು ಯಾರಿದ್ದಾರೆ?" ಅಂದೆ.

ಯಾರೂ ಇರಲಿಲ್ಲ. ಹಾಗಾದರೆ ಸಂಘಕ್ಕೆ ಅಧ್ಯಕ್ಷರೇ ಇಲ್ಲವೇ ಎಂದು ಒಬ್ಬ ಗಾಬರಿಯಾದ. ಇಲ್ಲದೆ ಹೇಗಾಗುತ್ತದೆ, ಕಡಿಮೆ ಇರುವವರೇ ಆಗಲಿ ಎಂದು ಬಾಚಣಿಗೆಯವನು ಅಂದ. ಆಗ ಶುರುವಾಯಿತು ನೋಡಿ. ಇಷ್ಟು ಹೊತ್ತು ಗಂಭೀರವಾಗಿ ನಿಂತಿದ್ದ ಗಂಡಸರು ಒಬ್ಬರ ಗಲ್ಲ ಒಬ್ಬರು ಹಿಡಿದು ಕಿಟಕಿಯ ಕಡೆ ತಿರುಗಿಸಿ, "ನಿಂಗೇ ಜಾಸ್ತಿ," "ಇದು ಕಾಳಲ್ಲವೋ, ಹುಟ್ಟು ಮಚ್ಚೆ," "ನಿಮ್ಮವ್ವನ್ನ ಕೇಳ್ಕೊಂಡು ಬರ್ಲಾ?" ಎಂದು ಜಗಳಕ್ಕೆ ನಿಂತರು. ಕೆಂಚಪ್ಪ ತನ್ನ ಮೂಗಿನ ತುದಿಯನ್ನು ಎಲ್ಲರಿಗೂ ತೋರಿಸಿದ. ಬಾಕಿ ಮುಖ ಎಲ್ಲಿಟ್ಟು ಬರ್ತೀಯ ಎಂದು ಕೇಳಿದರು. ಕೊನೆಗೆ ಯಾರು ಯಾರನ್ನು ಹಿಡಿದು ನೋಡಿದರೂ ಈರಕ್ಕನದ್ದೇ ಎಲ್ಲರಿಗಿಂತ ಕಡಿಮೆ ಎಂದಾಯಿತು.

ಈರಕ್ಕ ಕೈ ಚಾಚಿದಳು. ಕೆಂಚಪ್ಪ ಬೆರಳಿಗೆ ಸುತ್ತಿದ್ದ ದಾರ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ತಿರುಗಿಸಿ ತಿರುಗಿಸಿ ಬಿಗಿಯಾಗಿತ್ತು. ಬೀಗದ ಕೈ ಅಂಗೈಗೆ ಬಿದ್ದ ಕೂಡಲೇ ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಹೊರಗಿನವರಿಗೆ, "ಏನ್ರೇ, ಇನ್ನೂ ಅಲ್ಲೇ ಕೂತಿದ್ದೀರಾ? ಉಣ್ಣೆ ಒಳಗೆ ತನ್ನಿ" ಎಂದು ಗದರಿದಳು. ಹೆಂಗಸರು ರಾಟೆ, ಬುಟ್ಟಿ ಹೊತ್ತು ಬಂದರು. ಗಂಡಂದಿರ ಮುಖ ಕಂಡು ಹೊಸ್ತಿಲಲ್ಲೇ ನಿಂತರು. ಅವರು ನಕ್ಕು ಮುಗಿಸಿ ನೂಲಲು ಕೂರುವ ಹೊತ್ತಿಗೆ ದೀಪ ಹಚ್ಚಬೇಕಾಯಿತು.

ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದೆ. ಅವ್ವನಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಎರಡು ಮೂರು ಸಲ ಶುರು ಮಾಡಿ ನೋಡಿದೆ, ಒಂದೂ ಮುಂದೆ ಹೋಗಲಿಲ್ಲ. ಈರಕ್ಕ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ನನ್ನ ಮುಖ ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ.

"ಸೋಮವಾರ ಅಲ್ವಾ ಅವ್ರು ಬರೋದು?"

"ಹೂಂ."

"ನಾನೂ ಬರ್ತೀನಿ. ಭೂತಗನ್ನಡಿ ಇನ್ಮ್ಯಾಲೆ ನಂದೇ ತಾನೆ? ಆ ಹುಡುಗ ಇಡೀ ದಿನ ಕತ್ತಲೆ ಕೋಣೇಲಿ ಕೆಲಸ ಮಾಡೋನು. ಬಾಗಿಲ ಬೆಳಕಿಗೆ ಅವನೇ ಬರ್ಲಿ, ಮೊದ್ಲು ಅವನ ಕಾಳು ನೋಡಾಣ."